ಮೊಸಳೆಯನ್ನು ನುಂಗಿದವರು

‘ಈ ವರ್ಷ ಮಹಿಳಾ ಸಮಾಜದ ಕುಕ್ಕರ್ ನಮ್ಮ ಮನೆಗೇ. ಇದು ಶತಸ್ಸಿದ್ಧ.’

೧೯೯೮ರ ದಸರಾ ರಜೆ ಶುರುವಾದ ದಿನ ರಂಜನಿ ಡೈರಿಯಲ್ಲಿ ಹೀಗೆ ಬರೆದು ಕೆಳಗೆ ಎರಡು ಗೆರೆ ಎಳೆದಳು. ಹೊಳೆನರಸೀಪುರದ ಗೊಂಬೆ ಸ್ಪರ್ಧೆಯಲ್ಲಿ ಎರಡು ವರ್ಷದಿಂದ ಮೊದಲ ಬಹುಮಾನದ ಕುಕ್ಕರ್ ಎದುರು ಮನೆಯ ಪ್ರೇಮಕುಮಾರಿಯ ಥರ್ಮೋಕೋಲ್ ಅರಮನೆಗೆ ಹೋಗುತ್ತಿತ್ತು. ಎರಡು ವರ್ಷವೂ ಅದೇ ಅರಮನೆ, ಬಣ್ಣ ಮಾತ್ರ ಬೇರೆ. ಈ ಸಲ ರಂಜನಿ ಯಾರೂ ಕಂಡಿರದ್ದನ್ನು ಕಟ್ಟುವವಳಿದ್ದಳು: ಮೊಸಳೆ ಊರಿನ ಹೊಯ್ಸಳರ ಜೋಡಿ ಗುಡಿ, ಅಪ್ಪಟ ತರಕಾರಿಯಲ್ಲಿ.

“ತರಕಾರೀಲಾ?” ಎಂದ ಗಂಡ ಮುರಳೀಕೃಷ್ಣ. “ಬಾಡಿ ಹೋಗಲ್ವೇನೇ?”

“ಅದಕ್ಕೆಲ್ಲ ಉಪಾಯ ಇದೆ ರೀ. ನೀವು ತೆಂಗಿನ ಕಡ್ಡಿ ಸೀಳಿ ಕೊಡಿ, ಸಾಕು.”

ಮಾವ ನಂಜುಂಡಯ್ಯ ನಿವೃತ್ತ ಚರಿತ್ರೆ ಮೇಷ್ಟ್ರು. ಕನ್ನಡಕ ಏರಿಸಿಕೊಂಡು ತಾಕೀತು ಮಾಡಿದರು: “ಒಂದು ಮಾತು ನೆನಪಿಟ್ಕೋಮ್ಮ. ಆ ಗುಡಿಗಳು ಅವಳಿ ಮಕ್ಕಳ ಹಾಗೆ. ಎಡಗಡೇದಕ್ಕಿಂತ ಬಲಗಡೇದು ಒಂದು ನೂಲು ಹೆಚ್ಚಾದ್ರೂ ಅದು ಮೊಸಳೆ ಅಲ್ಲ.”

ಅಷ್ಟಮಿಯ ಬೆಳಿಗ್ಗೆ ಎರಡು ಚೀಲ ತುಂಬಿಸಿಕೊಂಡವಳನ್ನು ತರಕಾರಿ ತಮ್ಮಯ್ಯ ಬಿಡಲಿಲ್ಲ.

“ಏನವ್ವಾ, ಮನೇಲಿ ಮದ್ವೆ ಐತಾ?”

“ಇಲ್ಲ ತಮ್ಮಯ್ಯ, ಗುಡಿ ಕಟ್ತಿದೀನಿ.”

“ಗುಡೀಗೆ ಕಲ್ಲಲ್ವ್ರಾ ಬೇಕಿರಾದು? ನವಿಲ್ಕೋಸ್ ಯಾಕೆ?”

ಕಲೆ ಎಂದರೇನೆಂದು ಅವನಿಗೆ ವಿವರಿಸಲು ಹೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಜಾರದಲ್ಲಿ ಎರಡು ಗುಡಿಗಳು ಎದ್ದು ನಿಂತವು. ಆಲೂಗಡ್ಡೆಯ ಜಗಲಿ, ನಡುವೆ ಒಂದೊಂದು ಕ್ಯಾರೆಟ್ಟಿನ ಕಂಬ, ಸೌತೆಕಾಯಿ ಬಿಲ್ಲೆಗಳ ಗೋಡೆ, ಅಂತಸ್ತಿನ ಮೇಲೆ ಅಂತಸ್ತಾಗಿ ನವಿಲುಕೋಸಿನ ಗೋಪುರ, ತುದಿಗೆ ಮೂಲಂಗಿಯ ಕಳಶ. ಬಾಡದಿರಲೆಂದು ನಿಂಬೆರಸ, ಉಪ್ಪು ಬೆರೆಸಿದ ನೀರನ್ನು ಚಿಮುಕಿಸಿದಳು. ಇರುವೆ ಹತ್ತದಿರಲೆಂದು ಮೇಲಿಂದ ಕಾಳುಮೆಣಸಿನ ಪುಡಿ ಉದುರಿಸಿದಳು. ಹೊಯ್ಸಳರ ಶಿಲ್ಪಿಗಳೂ ಇಷ್ಟು ಮುಂದಾಲೋಚನೆ ಮಾಡಿರಲಿಕ್ಕಿಲ್ಲ.

ಕಾವಲಿನ ಚಿಂತೆಯೂ ಇರಲಿಲ್ಲ. ಚಕ್ಕುಲಿ ಡಬ್ಬವನ್ನು ಬೀರುವಿಗೆ ಸೇರಿಸಿ ಬೀಗ ಜಡಿದಿದ್ದಳು. ತರಕಾರಿಗೆ ಈ ಮನೆಯಲ್ಲಿ ಬೀಗ ಯಾಕೆ? ಹಸಿ ತರಕಾರಿಯೆಂದರೆ ಮಾವನಿಗೆ ದನದ ಮೇವು. ಗಂಡನಿಗೆ ಸೌತೆಕಾಯಿಯ ವಾಸನೆಗೇ ನೆಗಡಿ. ಇನ್ನು ಐದು ವರ್ಷದ ಮಗಳು ಶ್ರೀಗೌರಿ, ಉಪ್ಪಿಟ್ಟಿನಿಂದ ಕ್ಯಾರೆಟ್ ಚೂರುಗಳನ್ನು ಹೆಕ್ಕಿ ತಟ್ಟೆಯಂಚಿನಲ್ಲಿ ಸಾಲಾಗಿ ಕೂರಿಸುವ ನಿಪುಣೆ. ಆ ಪುಟ್ಟ ಬಾಯಿಗೆ ಒಂದು ಚೂರು ತರಕಾರಿ ಹೋಗಲೆಂದು ರಂಜನಿ ಹೇಳದ ಕಥೆಯಿಲ್ಲ, ಹೊರದ ಹರಕೆಯಿಲ್ಲ.

ತೀರ್ಪುಗಾರರು ಬರುವುದು ನಾಲ್ಕಕ್ಕೆ. ಎರಡು ಗಂಟೆಗೆ ಬಂದು ನೋಡಿದರೆ ಎಡಗುಡಿಗೆ ಕಳಶವೇ ಇಲ್ಲ. ಪಕ್ಕದಲ್ಲಿ ಶ್ರೀಗೌರಿ ಕೆನ್ನೆ ಉಬ್ಬಿಸಿಕೊಂಡು ನಿಂತಿದ್ದಳು.

“ಬಾಯಲ್ಲೇನು ಪುಟ್ಟಿ?”

“ಕಳಶ.”

ಬೈಯಬೇಕಿತ್ತು. ಆದರೆ ಮಗಳು ಮೂಲಂಗಿ ತಿಂದಳಲ್ಲ ಎಂದು ತಾಯಿಯ ಕಣ್ಣು ತುಂಬಿ ಬಂತು. ಮನೆಯಲ್ಲಿ ಬೇರೆ ಮೂಲಂಗಿ ಇರಲಿಲ್ಲ. ಜೋಡಿ ಸಮ ಮಾಡಬೇಕಲ್ಲ? ಬಲಗುಡಿಯ ಕಳಶವನ್ನೂ ಕಿತ್ತಳು. ಕಿತ್ತದ್ದನ್ನು ಎಲ್ಲಿಡುವುದೆಂದು ತೋಚದೆ ಬಾಯಿಗೆ ಹಾಕಿಕೊಂಡಳು. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿ ಹತ್ತಿತ್ತು.

“ಮಾವ, ಸೀರೆ ಉಟ್ಕೊಂಡು ಬಂದ್ಬಿಡ್ತೀನಿ. ಸ್ವಲ್ಪ ನೋಡ್ಕೊಳ್ತಿರಿ.”

ನಂಜುಂಡಯ್ಯನವರು ಎಡಗುಡಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕಾವಲಿಗೆ ಕೂತರು. ರಂಜನಿ ಸೀರೆ ಉಟ್ಟು ಬರುವಷ್ಟರಲ್ಲಿ ಎಡಗುಡಿ ಕುಳ್ಳಗಾಗಿತ್ತು.

“ಮಾವ, ಗೋಪುರ ಎಲ್ಲಿ?”

“ವಾಲಿತ್ತಮ್ಮ. ಬಿದ್ದುಗಿದ್ದು ಹೋದೀತು ಅಂತ ಜೀರ್ಣೋದ್ಧಾರ ಮಾಡಿದೆ.”

ಉದ್ಧಾರವೇನೂ ಕಾಣಲಿಲ್ಲ, ಜೀರ್ಣವಂತೂ ಜೋರಾಗಿ ನಡೆದಿತ್ತು. ಅಂಗಡಿಗೆ ಓಡಲು ಹೊತ್ತೆಲ್ಲಿ? ರಂಜನಿ ಹಲ್ಲು ಕಚ್ಚಿಕೊಂಡು ಬಲಗಡೆಯ ಗೋಪುರವನ್ನೂ ಅಂತಸ್ತು ಅಂತಸ್ತಾಗಿ ಇಳಿಸಿದಳು. ಅಂದರೆ, ಕಚ್ಚಿದ್ದು ಹಲ್ಲನ್ನಷ್ಟೇ ಅಲ್ಲ.

ರಂಗೋಲಿಗೆ ಕೊನೆಯ ಎಳೆ ಎಳೆದು ಒಳಗೆ ಬಂದರೆ, ನೆಗಡಿಯ ಗಂಡ ಎಡಗುಡಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದ.

“ಗೋಡೆ ಎಲ್ರೀ?”

“ಒಂದು ಬಿಲ್ಲೆ ಸಡಿಲ ಆಗಿತ್ತು ಕಣೇ, ತೆಗೆದೆ.”

“ಒಂದೇನಾ?”

“ಅದನ್ನ ತೆಗೆದ ಮೇಲೆ ಪಕ್ಕದ್ದೂ ಸಡಿಲ ಆಯ್ತು.”

“ಮೊಸಳೆ ಬಾಯಿಗೆ ಸಿಕ್ಕೋರ ಸುದ್ದಿ ಕೇಳಿದ್ದೆ. ಮೊಸಳೇನೇ ಬಾಯಿಗೆ ಹಾಕ್ಕೊಂಡೋರನ್ನ ಇವತ್ತೇ ನೋಡಿದ್ದು,” ಎಂದು ರಂಜನಿ ಗುಡುಗಿದಳು. ಗುಡುಗುತ್ತಲೇ ಅವಳ ಕೈ ಬಲಗುಡಿಯ ಗೋಡೆಯನ್ನು ಸಮ ಮಾಡುತ್ತಿತ್ತು.

ಸಮಾಜದ ಅಧ್ಯಕ್ಷೆ ಜಯಲಕ್ಷ್ಮಮ್ಮ ಅಂಕಪಟ್ಟಿ ಹಿಡಿದು ಬಂದಾಗ ಹಜಾರದಲ್ಲಿ ಉಳಿದಿದ್ದದ್ದು ಎರಡು ಆಲೂಗಡ್ಡೆ ಜಗಲಿ, ಅವುಗಳ ಮೇಲೆ ಒಂದೊಂದು ಕ್ಯಾರೆಟ್ ಕಂಬ. ನೂಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ, ಅದು ನಿಜ.

“ಏನಮ್ಮ ರಂಜನಿ ಇದು?”

ಮಾವನೇ ಸೊಸೆಯ ನೆರವಿಗೆ ಬಂದರು. “ಮೊಸಳೆ ಜೋಡಿ ಗುಡಿ, ತಾಯಿ. ಅಡಿಪಾಯ ಹಾಕಿದ ಮಾರನೇ ದಿನ ಹೀಗೇ ಇದ್ದಿದ್ದು.”

ಜಯಲಕ್ಷ್ಮಮ್ಮ ಅರ್ಧ ನಂಬಿ ಪೆನ್ನಿನ ಮುಚ್ಚಳ ತೆಗೆದರು. ಕುಕ್ಕರು ರಂಜನಿಯ ಕಣ್ಣೆದುರು ಹೊಳೆಯಿತು.

“ಇಲ್ಲ ಅಜ್ಜಿ, ಮಧ್ಯಾಹ್ನ ಇಷ್ಟು ದೊಡ್ಡದಿತ್ತು,” ಎಂದು ಶ್ರೀಗೌರಿ ಕೈ ಎತ್ತಿ ತೋರಿಸಿದಳು. “ಎಡಗಡೇದನ್ನ ನಾನು, ತಾತ, ಅಪ್ಪ ಮೂರು ಜನ ಸೇರಿ ತಿಂದ್ವಿ.”

“ಮತ್ತೆ ಬಲಗಡೇದು?”

“ಅದನ್ನ ಪೂರ್ತಿ ಅಮ್ಮ ಒಬ್ಬಳೇ ತಿಂದ್ಳು.”

ಎಲ್ಲರೂ ರಂಜನಿಯತ್ತ ತಿರುಗಿದರು. ಮಧ್ಯಾಹ್ನವಿಡೀ ಮೂವರನ್ನೂ ಶಪಿಸುತ್ತಿದ್ದವಳು ಈ ಲೆಕ್ಕವನ್ನೇ ಹಾಕಿರಲಿಲ್ಲ. ಇಡೀ ಒಂದು ದೇವಸ್ಥಾನ, ಕಳಶದಿಂದ ಗೋಡೆಯವರೆಗೆ!

“ಬಹುಮಾನ ಕೊಡೋಣ ಅಂದ್ರೆ ಏನಾದ್ರೂ ಉಳಿಸಿದೀಯೇನಮ್ಮ?” ಎಂದು ಜಯಲಕ್ಷ್ಮಮ್ಮ ನಗುತ್ತಾ ಪಟ್ಟಿಯ ಮೇಲೆ ಅಡ್ಡಗೆರೆ ಎಳೆದರು. ಕುಕ್ಕರು ಮತ್ತೆ ಎದುರು ಮನೆಗೇ ನಡೆಯಿತು. ಹೊರಡುವ ಮುನ್ನ ಅವರ ಕೈ ತನ್ನ ಪಾಡಿಗೆ ತಾನು ಎಡಗಡೆಯ ಕಂಬವನ್ನು ಕಿತ್ತು ಬಾಯಿಗಿಟ್ಟಿತ್ತು. “ಹುಳಿ ಹದವಾಗಿದೆ ಕಣೇ,” ಎಂದರು, ಅಗಿಯುತ್ತಾ.

ಶ್ರೀಗೌರಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಉಳಿದಿದ್ದ ಒಂದೇ ಒಂದು ಕಂಬವನ್ನು ಜೋಪಾನವಾಗಿ ಕಿತ್ತು ತಾಯಿಯ ಬಾಯಿಗೆ ಹಿಡಿದಳು.

“ತಗೋಮ್ಮ, ಸಮ ಮಾಡು.”