ಎರಡು ವರ್ಷದ ಹೊಸ ಬೆಲ್ಟು

ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನು ಬಂದಾಗ ಲೈಬ್ರರಿಯವನು ಚಹಾದ ಮೊದಲ ಗುಟುಕನ್ನು ಬಾಯಲ್ಲಿಟ್ಟುಕೊಂಡಿದ್ದ. ಆ ಗುಟುಕು ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ.

"ಅಳಿಯಂದ್ರೇ, ನಾಲ್ಕು ಗಂಟೆ ಬಸ್ಸಿಗೆ ಬರ್ತಾ ಇದೀನಿ," ಅಂದರು ಮಾವ. "ಕಣ್ಣಿನ ಆಪರೇಷನ್ ಆಯ್ತಲ್ಲ, ಈಗ ಇರುವೆ ಕಾಲೂ ಎಣಿಸ್ತೀನಿ. ಮಗಳ ಮುಖ ನೋಡ್ಬೇಕು, ಆಮೇಲೆ ನನ್ನ ಗಾಡಿ ನೋಡ್ಬೇಕು. ಟೈಮಿಂಗ್ ಬೆಲ್ಟ್ ಹಾಕ್ಸಿ ಎರಡು ವರ್ಷ ಆಯ್ತಲ್ವಾ? ಅದನ್ನೂ ಒಂದ್ಸಲ ತೆಗೆದು ನೋಡೋಣ."

"ಧಾರಾಳವಾಗಿ ಮಾವ," ಅಂದ ಇವನು, ಆರಿದ ಚಹಾ ನುಂಗಿ.

ತಿರುಗಿದರೆ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಬೆಲ್ಟ್ ಎಲ್ಲಿದೆ ರೀ?"

"ಅಟ್ಟದ ಮೇಲೆ."

"ಎರಡು ವರ್ಷದಿಂದ?"

"ಎರಡು ವರ್ಷದಿಂದ."

ಮಾವ ಮೂವತ್ತು ವರ್ಷ ಬಸ್ಸು ಓಡಿಸಿದವರು. ಕಣ್ಣಿಗೆ ಪೊರೆ ಬಂದಾಗ ತಮ್ಮ ಹಳೇ ಕಾರನ್ನು ಅಳಿಯನ ಕೈಗೆ ಒಪ್ಪಿಸಿ ಎರಡೇ ಮಾತು ಹೇಳಿದ್ದರು. "ಗಾಡೀನ ನೋಡಿಕೊಳ್ಳದೆ ಓಡಿಸಿದ್ರೆ ವಾಪಸ್ ತಗೊಂಡು ಹೋಗ್ತೀನಿ. ಓಡಿಸದೆ ನಿಲ್ಲಿಸಿದ್ರೂ ತಗೊಂಡು ಹೋಗ್ತೀನಿ." ಎರಡು ವರ್ಷದ ಹಿಂದೆ ಅವರ ಮಾತಿನಂತೆ ಇವನು ಬೆಲ್ಟು ತಂದದ್ದು ನಿಜ. ತಂದ ದಿನವೇ ಅವರು ಫೋನು ಮಾಡಿ "ಹಾಕ್ಸಿದ್ರಾ?" ಅಂದರು. ನಾಳೆ ಹಾಕಿಸುವುದು ಇದ್ದೇ ಇದೆಯಲ್ಲ ಅಂತ ಇವನು "ಹಾಕ್ಸಿದೆ ಮಾವ" ಅಂದುಬಿಟ್ಟ. ಆ ನಾಳೆ ಇವತ್ತು ಬಂದಿತ್ತು.

"ನಿಜ ಹೇಳಿಬಿಡಿ," ಅಂದಳು ಹೆಂಡತಿ.

"ಹೇಳಿದ್ರೆ ಗಾಡಿ ಹೋಗುತ್ತೆ. ಲೈಬ್ರರಿಗೆ ಎರಡು ಬಸ್ ಬದಲಾಯಿಸ್ಬೇಕು. ನಾನೇ ಹಾಕ್ತೀನಿ ಬಿಡು."

"ನೀವು ಹೋದ ತಿಂಗಳು ನಲ್ಲಿ ರಿಪೇರಿ ಮಾಡಿದ್ದು ನೆನಪಿದೆಯಲ್ಲ?"

ನೆನಪಿತ್ತು. ಗೋಡೆಯ ಮೇಲೆ ನೀರಿನ ಗುರುತೂ ಇತ್ತು. ಆದರೆ ಭಾನುವಾರ ಗ್ಯಾರೇಜುಗಳೆಲ್ಲ ಬಾಗಿಲು ಹಾಕಿರುತ್ತವೆ. ಮೇಲಾಗಿ ಆ ಕಾರಿನ ರಿಪೇರಿ ಪುಸ್ತಕ ಅವನದೇ ಲೈಬ್ರರಿಯದು, ಮನೆಯಲ್ಲೇ ಇತ್ತು. ಓದಿ ಮಾಡಲಾಗದ ಕೆಲಸ ಲೋಕದಲ್ಲಿಲ್ಲ ಅನ್ನುವುದು ಅವನ ನಂಬಿಕೆ.

ಎಂಟಕ್ಕೆ ಕಾರಿನ ಮುಂದಿನ ಬಲಗಡೆ ಜಾಕಿನ ಮೇಲೇರಿತು. ಚಕ್ರ ಕಳಚಿದ್ದೇ ತಡ, ಮಹಡಿಯಿಂದ ಟೇಲರು ಇಳಿದು ಬಂದ. ಅವನ ಬಟ್ಟೆಗಂಟು ಪ್ರತಿ ಬುಧವಾರ ಮಾರ್ಕೆಟ್ಟಿಗೆ ಹೋಗುತ್ತಿದ್ದದ್ದು ಇದೇ ಕಾರಿನಲ್ಲಿ.

"ಬೆಲ್ಟ್ ಕೆಲಸಾನಾ ಸಾರ್? ನನ್ನ ಕರೀಬಾರ್ದಾ? ನನ್ನ ಮಿಷನ್ನಿಗೆ ವರ್ಷಕ್ಕೆ ಮೂರು ಬೆಲ್ಟ್ ಹಾಕ್ತೀನಿ."

"ಅದು ಹೊಲಿಗೆ ಮಿಷನ್ನು ಮಾರಾಯ, ಇದು ಇಂಜಿನ್ನು. ಅದರಲ್ಲಿ ಎರಡು ಹಲ್ಲಿನ ಗಾಲಿ, ಕೆಳಗೊಂದು ಮೇಲೊಂದು, ಎರಡಕ್ಕೂ ಇದೇ ಬೆಲ್ಟು. ಎರಡೂ ಜೊತೆಗೇ ತಿರುಗ್ಬೇಕು. ಒಂದು ಹಲ್ಲು ಆಚೀಚೆ ಆದ್ರೂ ಒಳಗಿರೋದೆಲ್ಲ ಒಂದಕ್ಕೊಂದು ಗುದ್ದಿ ಇಂಜಿನ್ ಗೋವಿಂದ."

"ಗುರುತು ಹಾಕ್ಕೊಂಡ್ರೆ ಆಯ್ತು," ಅಂದ ಟೇಲರು, ಕಿವಿಯ ಮೇಲಿನ ನೀಲಿ ಬಳಪ ತೆಗೆದು. ತೋಳಿಗೆ ಅಳತೆ ಹಾಕುವವನ ಹಾಗೆ ಒಂದು ಕಣ್ಣು ಮುಚ್ಚಿ ಎರಡೂ ಗಾಲಿಗಳ ಮೇಲೆ ನೀಟಾಗಿ ಒಂದೊಂದು ಗೆರೆ ಎಳೆದ. ಗೆರೆ ಚೆನ್ನಾಗಿಯೇ ಇತ್ತು.

ಕೆಳಗಿನ ಗಾಲಿಯ ಬೋಲ್ಟು ಮಾತ್ರ ಹಟ ಹಿಡಿದು ಕೂತಿತು. ಹೆಂಡತಿ ಕಾರಿನೊಳಗೆ ಕೂತು, ಇಂಜಿನ್ನು ತಿರುಗದ ಹಾಗೆ ಗೇರು ಹಾಕಿ ಬ್ರೇಕು ಒತ್ತಿಕೊಂಡು, ಮಡಿಲಲ್ಲಿ ಬಟಾಣಿ ಬಿಡಿಸತೊಡಗಿದಳು. ಇವನು ಸ್ಪಾನರಿನ ಬಾಲಕ್ಕೆ ನೀರಿನ ಪೈಪು ತೊಡಿಸಿ ಜೋತುಬಿದ್ದ. ಟೇಲರು ಇವನಿಗೆ ಜೋತುಬಿದ್ದ. ಬೋಲ್ಟು "ಟಕ್" ಅಂದಿತು, ಇಬ್ಬರೂ ಹೂಕುಂಡದಲ್ಲಿದ್ದರು.

"ಆಯ್ತೇನ್ರೀ? ಕಾಲು ತೆಗೀಲಾ?" ಅಂತ ಒಳಗಿಂದ ಕೇಳಿತು.

ಹನ್ನೊಂದಕ್ಕೆ ಹಳೇ ಬೆಲ್ಟು ಕೈಗೆ ಬಂತು, ಒಣಗಿದ ಹುಣಸೆಕಾಯಿಯಂತೆ ಬಿರುಕು ಬಿಟ್ಟು. ಲೈಬ್ರರಿಯವನು ಅಟ್ಟಕ್ಕೆ ಏಣಿ ಹಾಕಿ ಹೊಸದನ್ನು ಹುಡುಕಿ ತರುವಷ್ಟರಲ್ಲಿ ಎದುರುಮನೆಯ ರಿಟೈರ್ಡ್ ನರ್ಸಮ್ಮ ಬಂದು ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಒದ್ದೆ ಬಟ್ಟೆ. ಎರಡೂ ಗಾಲಿ ಕನ್ನಡಿಯಂತೆ ಹೊಳೆಯುತ್ತಿದ್ದವು.

"ಏನಯ್ಯಾ, ಇಷ್ಟು ಗಲೀಜಲ್ಲಿ ಯಾರಾದ್ರೂ ಆಪರೇಷನ್ ಮಾಡ್ತಾರಾ? ಎಲ್ಲಾ ಒರೆಸಿದೀನಿ ನೋಡು. ಯಾರೋ ಬಳಪದಲ್ಲಿ ಬೇರೆ ಗೀಚಿದ್ರು."

ಟೇಲರು ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತ. ಲೈಬ್ರರಿಯವನಿಗೆ ಕೂರಲು ಮೆಟ್ಟಿಲೂ ಉಳಿಯಲಿಲ್ಲ. ನಿಂತೇ ಪುಸ್ತಕ ತೆರೆದ. ಗುರುತಿನ ಚಿತ್ರವಿದ್ದ ಹಾಳೆಯನ್ನು ಯಾರೋ ಪುಣ್ಯಾತ್ಮ ಹರಿದುಕೊಂಡು ಹೋಗಿದ್ದ.

"ಇಂಥವರಿಗೆ ಕಾರ್ಡು ಕೊಡೋದೇ ತಪ್ಪು!" ಅಂದ.

"ಕಾರ್ಡು ಕೊಟ್ಟಿದ್ದು ಯಾರು?" ಅಂದಳು ಹೆಂಡತಿ.

"ಈ ಗಾಯದ ಗುರುತು ಯಾವಾಗ ಆಗಿದ್ದು?" ಅಂತ ಅಷ್ಟರಲ್ಲಿ ನರ್ಸಮ್ಮ ಮೇಲಿನ ಗಾಲಿಯ ಅಂಚಿನಲ್ಲಿ ಉಗುರಿಟ್ಟರು. ಅಲ್ಲೊಂದು ಪುಟ್ಟ ಕಚ್ಚು ಇತ್ತು. ಕೆಳಗಿನದರಲ್ಲೂ ಇತ್ತು. ಕಾರು ಮಾಡಿದವರೇ ಇಟ್ಟ ಗುರುತು! ಇಷ್ಟು ವರ್ಷ ಗ್ರೀಸಿನಡಿ ಮಲಗಿದ್ದದ್ದು ನರ್ಸಮ್ಮನ ಬಟ್ಟೆಗೆ ಎದ್ದು ಕೂತಿತ್ತು. ಬೈಯಲು ತೆರೆದ ಬಾಯಲ್ಲೇ ಲೈಬ್ರರಿಯವನು ಕೈಮುಗಿದ.

ಆಮೇಲೆ ನರ್ಸಮ್ಮನೇ ಯಜಮಾನಿ. ಕಚ್ಚುಗಳನ್ನು ನೋಡಿಕೊಂಡು ಹೊಸ ಬೆಲ್ಟು ಏರಿಸಿದ್ದಾಯಿತು. ಒಂದು ನಟ್ಟು ಕೆಳಗಿನ ತಗಡಿನ ಸಂದಿಗೆ ಬಿತ್ತು. ಅವರು ಮನೆಯಿಂದ ಉದ್ದನೆಯ ಚಿಮುಟ ತಂದು ಎತ್ತಿದರು. ಮುಚ್ಚಳ ಹಾಕುವ ಮುಂಚೆ ತಡೆದರು. "ನಿಲ್ಲು. ಹೊಲಿಗೆ ಹಾಕೋ ಮುಂಚೆ ಎಣಿಸ್ಬೇಕು. ಒಳಗೇನೂ ಬಿಟ್ಟಿಲ್ಲ ತಾನೇ?" ಎಣಿಸಿದರೆ ಸ್ಪಾನರೊಂದು ಕಡಿಮೆ. ಅದು ಇಂಜಿನ್ನಿನ ಮೇಲೆಯೇ ನಿದ್ದೆ ಹೋಗಿತ್ತು.

ಪುಸ್ತಕದಲ್ಲಿ ಹೇಳಿದಂತೆ ಇಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡಿದ. ಎರಡೂ ಕಚ್ಚು ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ಮುಚ್ಚಳ, ಚಕ್ರ ಹಾಕಿ, ಮೂರೂವರೆಗೆ ಕೀಲಿ ತಿರುಗಿಸಿದ. ಕಾರು ಎಂದಿನಂತೆ ಕೆಮ್ಮಲಿಲ್ಲ, ಗೊರಗುಟ್ಟಲಿಲ್ಲ. ಹೊಟ್ಟೆ ತುಂಬಿದ ಬೆಕ್ಕಿನಂತೆ ಮೆಲ್ಲಗೆ ಗುರುಗುಟ್ಟಿತು. ಟೇಲರು ಶಿಳ್ಳೆ ಹೊಡೆದ. ಹೆಂಡತಿ ಕೂಡ "ಪರವಾಗಿಲ್ಲ ರೀ ನೀವು" ಅಂದಳು. ಮದುವೆಯಾದ ಮೇಲೆ ಅವನಿಗೆ ಸಿಕ್ಕ ದೊಡ್ಡ ಬಿರುದು ಅದು.

ಇವನು ಸ್ನಾನ ಮಾಡಿ, ಬಿಳೀ ಅಂಗಿ ತೊಟ್ಟು ಹೊರಬಂದಾಗ ಗೇಟು ಕಿರ್ ಅಂದಿತು. ನೋಡಿದರೆ ಹಳೇ ಬೆಲ್ಟು ಇನ್ನೂ ಮೆಟ್ಟಿಲ ಮೇಲೆಯೇ ಬಿದ್ದಿತ್ತು. ಬೇರೆ ದಾರಿ ಕಾಣದೆ ಅದನ್ನು ಅಂಗಿಯೊಳಗೆ ತುರುಕಿಕೊಂಡು ಕೈಕಟ್ಟಿ ನಿಂತ.

ಮಾವ ಮಗಳ ಮುಖ ನೋಡಿದರು, "ಸ್ವಲ್ಪ ಇಳಿದುಹೋಗಿದೀಯಮ್ಮಾ" ಅಂದರು, ನೆಟ್ಟಗೆ ಕಾರಿನ ಹತ್ತಿರ ಹೋದರು. ಚೀಲದಿಂದ ಒಂದು ಡಬ್ಬಿ ತೆಗೆದರು. "ಹೊಸ ಬೆಲ್ಟು ತಂದಿದೀನಿ. ನಿಮ್ಮದಕ್ಕೆ ವಯಸ್ಸಾಗಿದ್ರೆ ಬದಲಾಯಿಸೋಣ."

ಬಾನೆಟ್ಟು ಎತ್ತಿ ಮೇಲಿನ ಮುಚ್ಚಳದ ಎರಡು ಬೋಲ್ಟು ಬಿಚ್ಚಿದರು. ಬಗ್ಗಿದರು. ಕನ್ನಡಕ ತೆಗೆದು ಬಗ್ಗಿದರು. ಬೆರಳಲ್ಲಿ ಬೆಲ್ಟನ್ನು ಉಜ್ಜಿ, ಬೆರಳಿಗಂಟಿದ ಹೊಸ ರಬ್ಬರಿನ ಬಿಳೀ ಪುಡಿಯನ್ನು ನೋಡಿದರು. ಬೆಲ್ಟಿನ ಮೇಲೆ ಕಂಪನಿಯ ಅಕ್ಷರಗಳು ಮದುಮಗನ ಹಾಗೆ ಮಿರಮಿರ ಮಿಂಚುತ್ತಿದ್ದವು.

"ಅಳಿಯಂದ್ರೇ, ಇದನ್ನ ಹಾಕಿಸಿ ಎಷ್ಟು ದಿನ ಆಯ್ತು?"

"ಎರಡು ವರ್ಷ ಮಾವ."

"ಇಲ್ಲ ಸಾರ್, ಇವ—" ಅಂತ ಬಾಯಿ ಹಾಕಿದ ಟೇಲರಿನ ಕಾಲನ್ನು ಲೈಬ್ರರಿಯವನು ಬಲವಾಗಿ ತುಳಿದ.

"ಎರಡು ವರ್ಷ," ಅಂದರು ಮಾವ ನಿಧಾನಕ್ಕೆ. "ಒಂದು ಗೀರಿಲ್ಲ, ಅಕ್ಷರ ಅಳಿಸಿಲ್ಲ, ಪುಡಿ ಕೂಡ ಹೋಗಿಲ್ಲ. ಮೀಟರಂತೂ ನನ್ನ ಕಾಲದಲ್ಲೇ ಕೆಟ್ಟಿತ್ತು, ಅದನ್ನ ಕೇಳೋ ಹಾಗಿಲ್ಲ. ಆದ್ರೆ ಬೆಲ್ಟು ಸುಳ್ಳು ಹೇಳಲ್ಲ. ನೀವು ಎರಡು ವರ್ಷದಿಂದ ಈ ಗಾಡೀನ ಗೇಟಿನಾಚೆ ತೆಗೆದೇ ಇಲ್ಲ!"

"ತೆಗೀತೀನಿ ಮಾವ! ದಿನಾ ತೆಗೀತೀನಿ!"

"ಹಾಗಾದ್ರೆ ಬೆಲ್ಟು ಎರಡು ವರ್ಷದ್ದಲ್ಲ ಅನ್ನಿ."

ಲೈಬ್ರರಿಯವನು ಹೆಂಡತಿಯ ಕಡೆ ನೋಡಿದ. ಅವಳು ಆಕಾಶದ ಕಡೆ ನೋಡಿದಳು. ಬಾಯಿ ಬಿಟ್ಟರೂ ಕಾರು ಹೋಗುತ್ತದೆ, ಬಿಡದಿದ್ದರೂ ಹೋಗುತ್ತದೆ. ಬಿಟ್ಟರೆ ಮಾನವೂ ಹೋಗುತ್ತದೆ. ಅವನು ಬಾಯಿ ಮುಚ್ಚಿಕೊಂಡ.

"ಅದಕ್ಕೇ ನನ್ನ ಮಗಳು ಇಳಿದುಹೋಗಿರೋದು. ಎಲ್ಲಾ ಕಡೆ ನಡೆಸಿದೀರಿ," ಅಂದರು ಮಾವ. "ಮಾತು ಅಂದ್ರೆ ಮಾತು. ಹೇಗೂ ಈಗ ಕಣ್ಣು ಚೆನ್ನಾಗಿ ಕಾಣುತ್ತೆ, ನಾನೇ ಓಡಿಸ್ಕೊಂಡು ಹೋಗ್ತೀನಿ. ಕೀಲಿ ಕೊಡಿ."

ಮುಚ್ಚಳ ಬಿಗಿಯಾಯಿತು, ಬಾನೆಟ್ಟು ಇಳಿಯಿತು, ಕೀಲಿ ಕೈ ಬದಲಾಯಿತು. ಕಾರು ಒಂದು ಚೂರೂ ಸದ್ದಿಲ್ಲದೆ ಗೇಟು ದಾಟಿತು. ಮಾವ ಕಿಟಕಿಯಿಂದ ತಲೆ ಹೊರಹಾಕಿ ಡಬ್ಬಿಯನ್ನು ಅಳಿಯನ ಕೈಗಿಟ್ಟರು.

"ಇದು ನೀವೇ ಇಟ್ಕೊಳ್ಳಿ. ಈ ಗಾಡಿಗೆ ಇನ್ನು ಬಹಳ ವರ್ಷ ಬೆಲ್ಟು ಬೇಕಾಗಲ್ಲ."

ಕಾರು ತಿರುವಿನಲ್ಲಿ ಮರೆಯಾಯಿತು. ಟೇಲರು ಕುಂಟುತ್ತಾ ಹತ್ತಿರ ಬಂದ.

"ಸಾರ್, ಬುಧವಾರ ನನ್ನ ಬಟ್ಟೆಗಂಟು?"

ಲೈಬ್ರರಿಯವನ ಬಿಳೀ ಅಂಗಿಯ ಮೇಲೆ ಹೊಟ್ಟೆಯ ಸುತ್ತ ಕಪ್ಪು ಪಟ್ಟಿಯೊಂದು ಮೂಡಿತ್ತು. ಅವನು ಅಂಗಿಯೊಳಗಿನಿಂದ ಹಳೇ ಬೆಲ್ಟು ತೆಗೆದು ಡಬ್ಬಿಯ ಮೇಲಿಟ್ಟ.

"ಬೆಲ್ಟು ಎರಡಿದೆ ಮಾರಾಯ," ಅಂದ. "ಗಾಡಿ ಒಂದಿದ್ರೆ ತಗೊಂಡು ಬಾ, ಹಾಕಿಕೊಡ್ತೀನಿ."