ಹಳೇ ಬಚ್ಚಲು, ಹೊಸ ಟೈಲ್ಸು, ನನ್ನ ಹೆಸರು

ಹಳೇ ಮನೆಗಳ ಬಚ್ಚಲು, ಅಡಿಗೆಮನೆ ಒಡೆದು ಹೊಸದು ಮಾಡಿಕೊಡೋದು ನನ್ನ ಕೆಲಸ. ಗೋಡೆಗೆ ಮೊದಲ ಪೆಟ್ಟು ಬಿದ್ದ ಕೂಡಲೇ ಮನೆಮಂದಿಯಲ್ಲಿ ಒಬ್ಬರಿಗಾದರೂ ತಲೆ ಕೆಡುತ್ತದೆ. ಇಷ್ಟು ವರ್ಷದಲ್ಲಿ ಒಂದು ಮನೆಯೂ ತಪ್ಪಿಲ್ಲ. ಆರನೇ ಇಯತ್ತೆಯ ಅರ್ಧಕ್ಕೇ ಸಾಲಿ ಬಿಟ್ಟವ ನಾನು. ಹೋಟೆಲು, ಲಾರಿ ಎಲ್ಲ ತಿರುಗಿ, ಗಾರೆ ಕೆಲಸ ಕಲಿತು ಗೌಂಡಿಯಾದೆ. ಇವತ್ತು ಆಳಂದ, ನಾಳೆ ಅಫಜಲಪುರ, ನಾಡಿದ್ದು ಜೇವರ್ಗಿ. ಬೋರ್ಡಿಲ್ಲ, ಅಂಗಡಿಯಿಲ್ಲ. ಬೀಗರೂ ಕಾಲಿಡದ ಜಾಗಕ್ಕೆ ನನ್ನನ್ನು ಬಿಡುವುದು ಹಿಂದಿನ ಮನೆಯವರು ‘ಛಲೋ ಮನಷ್ಯಾ’ ಅಂದ ಒಂದೇ ಮಾತಿನ ಮೇಲೆ. ಆ ಮಾತು ಕೆಟ್ಟರೆ ಮೂರೂ ಊರು ಕೆಟ್ಟ ಹಾಗೆ.

ಕಟ್ಟೆಯ ಎತ್ತರ

ಆಳಂದದ ಒಂದು ಮನೆ. ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದವರಿಗೆ ನಿಂತು ಅಡಿಗೆ ಮಾಡುವ ಕಟ್ಟೆ ಬೇಕಾಗಿತ್ತು. ಅತ್ತೆ ಗಿಡ್ಡ, ಸೊಸೆ ಉದ್ದ. ಸೊಸೆ ಹಾಲು ತರಲು ಹೋದಾಗ ಅತ್ತೆ ಬಂದು ಒಂದು ವರಸೆ ಇಟ್ಟಿಗೆ ಇಳಿಸು ಅನ್ನುವರು. ಅತ್ತೆ ಗುಡಿಗೆ ಹೋದಾಗ ಸೊಸೆ ಬಂದು ಎರಡು ವರಸೆ ಏರಿಸು ಅನ್ನುವಳು. ಮೂರು ದಿನ ಕಟ್ಟಿದ್ದನ್ನೇ ಕೆಡವಿದೆ, ಕೆಡವಿದ್ದನ್ನೇ ಕಟ್ಟಿದೆ. ಒಬ್ಬರ ಮಾತು ಕೇಳಿದರೆ ಇನ್ನೊಬ್ಬರು ನನ್ನ ಹೆಸರು ಕೆಡಿಸುವುದು ಗ್ಯಾರಂಟಿ. ಕೊನೆಗೆ ನಡುವಿನ ಅಳತೆ ಹಿಡಿದು ಕಲ್ಲು ಕೂಡಿಸಿಬಿಟ್ಟೆ.

ಎಂಟು ದಿನ ಬಿಟ್ಟು ಅಂಜುತ್ತ ಹೋದರೆ, ಮಾವನವರು ಲುಂಗಿ ಎತ್ತಿ ಕಟ್ಟಿಕೊಂಡು ಚಹಾ ಕುದಿಸುತ್ತಿದ್ದರು. ಕಟ್ಟೆ ಅತ್ತೆಗೆ ಎತ್ತರವಾಯಿತಂತೆ, ಸೊಸೆಗೆ ತಗ್ಗಾಯಿತಂತೆ. “ನನಗ ಮಾತ್ರ ಬರೋಬ್ಬರಿ ಆಗ್ಯಾದ. ಯಾರ ಅಳತಿ ತಗೊಂಡಿದ್ದೆ ತಮ್ಮಾ?” ಅಂದರು.

ಅತ್ತೆ ಸೊಸೆ ಅಂಗಳದಲ್ಲಿ ಕೂತು ಆ ಚಹಾ ಕುಡಿಯುತ್ತ, ಮದುವೆಯಾದ ಮೇಲೆ ಮೊದಲ ಸಲ ಒಂದೇ ಮಾತು ಆಡಿದರು: ಇಂಥ ಗೌಂಡಿ ಸಿಗೋದಿಲ್ಲ.

ಕಾಯಿ

ಆ ಮಾತು ಅಫಜಲಪುರದಲ್ಲಿದ್ದ ಆ ಅತ್ತೆಯ ತಂಗಿಗೆ ಮುಟ್ಟಿತು. ತಂಗಿಯ ಗಂಡ ರಿಟೈರಾದ ಮಾಸ್ತರು, ಮೊಣಕಾಲು ಮಡಚಲು ಬರುವುದಿಲ್ಲ. ಅವರಿಗಾಗಿ ಕುರ್ಚಿಯ ಹಾಗೆ ಕೂರುವ ಕಮೋಡ್ ಹಾಕಿದೆ. ಗಾಡಿಯೇ ಬರಲಿ, ಮೋಟಾರೇ ಬರಲಿ, ಕಾಯಿ ಒಡೆಯದೆ ಬಳಸದ ಮನೆ ಅದು. ಕೆಲಸ ಮುಗಿದ ದಿನ ಮಾಸ್ತರ ಹೆಂಡತಿ ಊದಿನಕಡ್ಡಿ ಹಚ್ಚಿ, ಕಾಯಿ ಹಿಡಿದು ಬಚ್ಚಲಿಗೇ ಬಂದರು. ಇದಕ್ಕೆ ಬ್ಯಾಡ್ರಿ ಅಂದೆ.

“ಮುಂಜಾನೆದ್ದು ಮೊದಲ ಇದರ ಮಾರಿನೇ ನೋಡ್ತಾರ, ಬ್ಯಾಡಂದ್ರ ಹ್ಯಾಂಗ?” ಎಂದು ಅಂಚಿಗೆ ಒಂದೇ ಏಟು ಹಾಕಿದರು.

ಕಾಯಿಗೆ ಏನೂ ಆಗಲಿಲ್ಲ. ಕಮೋಡ್ ಎರಡು ಹೋಳಾಯಿತು.

ಗೌಂಡಿ ಹಾಕಿದ್ದು ಒಂದು ದಿನವೂ ಬಾಳಲಿಲ್ಲ ಅಂತಲೇ ಇನ್ನು ಸುದ್ದಿ ಹೋಗುತ್ತದೆ ಎಂದು ನಾನು ಥಂಡಾದೆ. ಮಾಸ್ತರು ಬಂದು ಹೋಳು ನೋಡಿದರು, ಹೆಂಡತಿಯನ್ನು ನೋಡಿದರು, ಮೊಣಕಾಲು ಸವರಿಕೊಂಡರು. “ನಿಂದೇನು ತಪ್ಪಿಲ್ಲ. ಇನ್ನೊಂದು ತರಸ್ತೇನಿ. ಇಕಿನ್ನ ತವರಮನಿಗಿ ಕಳಿಸಿ ಕೂಡಸೋಣು.”

ಮಾಡ

ಮಾಸ್ತರೇ ಜೇವರ್ಗಿಯ ಗೆಳೆಯನ ಮನೆಗೆ ನನ್ನ ಹೆಸರು ಹೇಳಿದರು. ಅಲ್ಲಿ ಅಡಿಗೆಮನೆಯ ಗೋಡೆಯಲ್ಲಿ ದೀಪ, ಕಡ್ಡಿಪೆಟ್ಟಿಗೆ ಇಡುವ ಹಳೇ ಮಾಡವೊಂದು ಹೊಗೆ ಕುಡಿದು ಕಪ್ಪಾಗಿತ್ತು. ಮನೆಯ ಮಾಲಕರು ಮುಚ್ಚು ಅಂದರು. ಮುಚ್ಚಿ, ಗೋಡೆ ತುಂಬ ಬಿಳಿ ಟೈಲ್ಸ್ ಹಚ್ಚಿದೆ.

ಮರುದಿನ ಅವರ ತಾಯಿ, ಎಂಬತ್ತು ದಾಟಿದ ಆಯಿ, ಗೋಡೆ ತಡವುತ್ತ ಅಳತೊಡಗಿದಳು. ಕೊರಳಿಗೆ ಹಾಕುವ ಬಂಗಾರದ ಬೋರಮಾಳ ಆ ಮಾಡದ ಸಂದಿಯಲ್ಲಿತ್ತಂತೆ.

ನಾನು ಕಂಡಿದ್ದು ಬರೀ ಮಸಿ. ಯಾರೂ ನನ್ನನ್ನು ಕಳ್ಳ ಅನ್ನಲಿಲ್ಲ. ಆದರೆ ಮಾಲಕರು ಎದ್ದು ಹೋಗಿ ತಲಬಾಗಿಲ ಚಿಲಕ ಹಾಕಿ ಬಂದರು. ಮೂರೂ ಊರು ಆ ಚಿಲಕದ ಆಚೆ ಉಳಿದ ಹಾಗಾಯಿತು. ನಾನೇ ಸುತ್ತಿಗೆ ಎತ್ತಿದೆ. ಆರು ಟೈಲ್ಸ್ ಒಡೆದು, ಇಟ್ಟಿಗೆ ಕಿತ್ತು, ಮಾಡದೊಳಗೆ ಕೈ ಹಾಕಿದೆ. ಖಾಲಿ.

ಬಾಯಿ ಒಣಗಿತು. ಆಯಿಯದೂ ಒಣಗಿರಬೇಕು, ಎಲೆ ಹಾಕಿಕೊಳ್ಳಲು ಸೊಂಟದ ಎಲೆಚೀಲ ಬಿಚ್ಚಿದಳು. ಅಡಿಕೆಗೆ ಅಂತ ಬೆರಳು ಇಳಿಸಿದರೆ ಬೋರಮಾಳ ಬಂತು. ಗೌಂಡಿ ಬರುತ್ತಾನೆ, ಹುಷಾರಿರಬೇಕು ಅಂತ ನಾನು ಬರುವ ಹಿಂದಿನ ದಿನ ತಾನೇ ತೆಗೆದಿಟ್ಟುಕೊಂಡಿದ್ದಳು.

ಮಾಲಕರು ತಲೆ ತಗ್ಗಿಸಿ ಚಿಲಕ ತೆಗೆಯಲು ಹೋದರು. ನನಗೆ ಹೋದ ಜೀವ ಬಂದಿತ್ತು. ಅಷ್ಟರಲ್ಲಿ ಆಯಿ ಸನಿಹ ಸರಿದು ಬೋರಮಾಳವನ್ನು ನನ್ನ ಕೈಗಿಟ್ಟಳು. “ಇದನ್ನ ಒಳಗಿಟ್ಟು ಟೈಲ್ಸ್ ಹಚ್ಚು ಯಪ್ಪಾ. ಖಾಲಿ ಇದ್ದದ್ದು ಎಲ್ಲಾರೂ ನೋಡ್ಯಾರ, ಇನ್ನ ಅಲ್ಲಿ ಯಾರೂ ಹುಡುಕಂಗಿಲ್ಲ. ನನಗ ನೆನಪ ಹಾರ್ತದ. ನೀ ನೆನಪಿಡು.”

ಎಷ್ಟು ಬೇಡವೆಂದರೂ ಕೇಳಲಿಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ ಅದನ್ನು ಒಳಗಿಟ್ಟು ಟೈಲ್ಸ್ ಹಚ್ಚಿ ಬಂದೆ; ಯಾವ ಟೈಲ್ಸಿನ ಹಿಂದೆ ಅನ್ನೋದು ನನಗೊಬ್ಬನಿಗೇ ಗೊತ್ತು.

ಹುಟ್ಟಿದಾಗಿನಿಂದ ಎಲ್ಲಿದ್ದಿ ಅಂತ ಯಾರೂ ಕೇಳದ ಅಲೆಮಾರಿ ನಾನು. ಈಗ ವಾರಕ್ಕೊಮ್ಮೆ ಆಯಿಯ ಫೋನ್. ನಿನ್ನೆ ಸೊನ್ನ ಊರಿನ ಹತ್ತಿರ ಗಾಡಿ ನಿಲ್ಲಿಸಿ ಫೋನ್ ಎತ್ತಿದೆ.

“ಉಂಡಿಯೇನು? ಗಾಡಿ ಸಾವಕಾಶ ಹೊಡಿ ಯಪ್ಪಾ. ನಿನಗೇನರೆ ಆದ್ರ ನಾ ಇಡೀ ಗ್ವಾಡಿ ಒಡಿಸಬೇಕಾಗ್ತದ.”