ಕಣ್ಣು ಕಟ್ಟಿಸಿಕೊಂಡು ತಿಂದ ಬೋಂಡ

ಪ್ರೆಜುಡಿಸ್ ಎಂಬ ಇಂಗ್ಲಿಷ್ ಪದದ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಅರ್ಥ ಗೊತ್ತಿದ್ದವನಿಗೆ ಆ ರೋಗ ತಗಲುವುದಿಲ್ಲ ಎಂದೇ ನಂಬಿದ್ದೆ!

ಎಪ್ಪತ್ತರ ದಶಕದ ಮಾತು. ಮೈಸೂರಿನವನಾದ ನಾನು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕೇಂದ್ರ ಸರ್ಕಾರದ ಗುಮಾಸ್ತ. ಮನೆ ತ್ರಿಪ್ಪುಣಿತ್ತುರದಲ್ಲಿ. ಮೈಸೂರಿಗೆ ವರ್ಗ ಬೇಕೇ ಬೇಡವೇ ಎಂದು ಸೋಮವಾರ ಸಾಹೇಬರಿಗೆ ಹೇಳಬೇಕಿತ್ತು. ನನಗೆ ಬೇಕೇ ಬೇಕು. ಕಾಸರಗೋಡಿನವಳಾದ ಹೆಂಡತಿ ಶಾರದೆಗೂ ನಿದ್ದೆಯಲ್ಲೂ ಮಲಯಾಳವನ್ನೇ ಮಾತಾಡುವ ಮಗಳು ಸುಮಳಿಗೂ ಸುತರಾಂ ಬೇಡ.

ಭಾನುವಾರ ಸುಮ ಕೇಳಿದಳು. "ಅಪ್ಪಾ, ಪ್ರೆಜುಡಿಸ್ ಅಂದ್ರೆ ಎಂತಾ? ಟೀಚರ್ ವಾಕ್ಯ ಮಾಡ್ಲಿಕ್ಕೆ ಹೇಳಿದ್ದಾರೆ."

ಗಂಟಲು ಸರಿಮಾಡಿಕೊಂಡೆ. "ಪೂರ್ವಗ್ರಹ, ಮಗಳೇ. ವಿಚಾರಿಸದೆ, ರುಚಿ ನೋಡದೆ ಮೊದಲೇ ತೀರ್ಪು ಕೊಟ್ಟುಬಿಡೋದು. ಅವಿವೇಕಿಗಳ ಲಕ್ಷಣ!"

ಅವಳು ತಕ್ಷಣ ವಾಕ್ಯ ಮಾಡಿದಳು: ನನ್ನ ತಂದೆಗೆ ತೆಂಗಿನೆಣ್ಣೆಯ ಮೇಲೆ ಪ್ರೆಜುಡಿಸ್ ಇದೆ.

"ನನಗಾ? ಅದು ಅನುಭವ ಕಣೇ! ಕೊಬ್ಬರಿ ಎಣ್ಣೆ ತಲೆಗೆ ಹಚ್ಚೋದು, ಬಾಣಲೆಗಲ್ಲ. ಅಮ್ಮ ಕಳಿಸೋ ಕಡಲೆಕಾಯಿ ಎಣ್ಣೆ ಇಲ್ಲದಿದ್ರೆ ನಾನು ಈ ಊರಲ್ಲಿ ಬದುಕ್ತಿದ್ನಾ?"

ಅಡುಗೆಮನೆಯಿಂದ ಶಾರದೆ ಬಂದಳು. "ಅನುಭವವಾ? ಹಾಗಾದ್ರೆ ಕಣ್ಣು ಕಟ್ಟಿ ಎರಡು ಬೋಂಡ ಕೊಡ್ತೇನೆ. ಯಾವುದು ಯಾವ ಎಣ್ಣೆಯದ್ದು ಹೇಳಿ. ಸರಿಯಾದ್ರೆ ಮೈಸೂರಿಗೆ ಹೋಗುವ. ತಪ್ಪಿದ್ರೆ ಇಲ್ಲಿಯೇ."

ನಾನು ಆಗಲೇ ಮನಸ್ಸಿನಲ್ಲಿ ಹಾಸಿಗೆ ಸುತ್ತತೊಡಗಿದೆ! ಸಾಕ್ಷಿಗೆ ಪಕ್ಕದ ಮನೆಯ ಮಾಧವಿ ಟೀಚರನ್ನು ಕರೆಸಲಾಯಿತು. ಸುಮಳಿಗೆ ಈ ಪದ ಕೊಟ್ಟವರೂ ಅವರೇ. ಟವಲಿನಿಂದ ನನ್ನ ಕಣ್ಣು ಕಟ್ಟಲಾಯಿತು.

ಮೊದಲನೆಯದನ್ನು ಕಚ್ಚಿದೆ. "ಥೂ! ಇದೇ ನಿಮ್ಮ ಕೊಬ್ಬರಿ ಎಣ್ಣೆ. ನೀರು ಕೊಡಮ್ಮ ಸುಮಾ!"

ಎರಡನೆಯದು ಬಾಯಿಗೆ ಬಿತ್ತು. ಆಹಾ! ಕತ್ತಲೆಯಲ್ಲಿ ಒಂದೊಂದಾಗಿ ಚಾಮುಂಡಿ ಬೆಟ್ಟದ ದೀಪಗಳು ಹೊತ್ತಿಕೊಂಡವು. ಎಲ್ಲೋ ಟಾಂಗಾದ ಸದ್ದು, ಮಲ್ಲಿಗೆಯ ಘಮ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಮ್ಮ ಒಲೆಯ ಮುಂದೆ ಕೂತಿದ್ದಳು. "ಇನ್ನೊಂದು ತಿನ್ನೋ, ಸೊರಗಿದ್ದೀಯ" ಎಂದಳು. ಬಾಯಿ ತೆರೆದೆ. ಯಾರೋ ಇನ್ನೊಂದು ಇಟ್ಟರು. ಟವಲು ಒದ್ದೆಯಾಯಿತು.

"ಇದು ಮೈಸೂರು!" ಎಂದೆ, ಗದ್ಗದಿತನಾಗಿ.

ಟೀಚರ್, "ಅಯ್ಯೋ ಸಾರ್, ಕಷ್ಟಂ!" ಎಂದು ಮರುಗಿದರು.

ಶಾರದೆ ಮೆಲ್ಲಗೆ ಗಂಟು ಬಿಚ್ಚಿದಳು. "ಅತ್ತೆ ಕಳಿಸುವ ಒಂದು ಡಬ್ಬ ಎಷ್ಟು ದಿನ ಬರ್ತದೆ ಮಾರಾಯ್ರೆ? ಇಷ್ಟು ವರ್ಷ ನೀವು ಚಪ್ಪರಿಸಿದ್ದು ತೆಂಗಿನೆಣ್ಣೆಯನ್ನೇ. ಇವತ್ತು ಪರೀಕ್ಷೆಗೇಂತ ಡಬ್ಬದ ತಳ ಬಗ್ಗಿಸಿ ಮೊದಲನೆಯ ಬೋಂಡ ಕರಿದೆ."

ಅಂದರೆ, ನಾನು ಥೂ ಎಂದದ್ದು ಹೆತ್ತಮ್ಮನ ಎಣ್ಣೆಗೆ!

ಸುಮ ವಾಕ್ಯ ತಿದ್ದಿದಳು: ನನ್ನ ತಂದೆಗೆ ಪ್ರೆಜುಡಿಸ್ ಇದೆ, ನಾಲಿಗೆ ಇಲ್ಲ.

ಸೋಮವಾರ ವರ್ಗ ಬೇಡವೆಂದೆ. "ಈ ಊರು ಒಗ್ಗಿತೇನ್ರೀ?" ಎಂದು ಸಾಹೇಬರಿಗೆ ಆಶ್ಚರ್ಯ.

"ಒಗ್ಗಿ ಬಹಳ ವರ್ಷವಾಯ್ತಂತೆ ಸಾರ್. ನನಗೆ ನಿನ್ನೆ ತಿಳೀತು."

ಸಂಜೆ ಮನೆಗೆಂದು ಎರ್ನಾಕುಳಕ್ಕೆ ಹೊರಟ ದೋಣಿಯಲ್ಲಿ ಕೂತು ತಿಂಡಿಯ ಡಬ್ಬಿ ತೆರೆದೆ. ಶಾರದೆ ಎರಡು ಬೋಂಡ ಇಟ್ಟಿದ್ದಳು. ಯಾವ ಎಣ್ಣೆಯದೆಂದು ಕೇಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ. ಕಣ್ಣು ಮುಚ್ಚಿ ಕಚ್ಚಿದೆ. ಮತ್ತೆ ಬೆಟ್ಟದ ದೀಪಗಳು, ಮತ್ತೆ ಅಮ್ಮ. ಊರು ಸೇರಿದ ಸಂತೋಷದಲ್ಲಿ ಬಹಳ ಹೊತ್ತು ಹಾಗೇ ಇದ್ದೆ.

ಕಣ್ಣು ಬಿಟ್ಟಾಗ ದೋಣಿ ಎರ್ನಾಕುಳಂ ಮುಟ್ಟಿ, ಜನರನ್ನು ಇಳಿಸಿ, ನನ್ನೊಬ್ಬನನ್ನು ಮತ್ತೆ ಐಲ್ಯಾಂಡಿಗೇ ತಂದುಬಿಟ್ಟಿತ್ತು!